ಚಾವಿ ಇಟ್ಕೊಳ್ಳದ ರಜಿಯಾ ಆಪಾ

"ಬಡಿಬ್ಯಾಡ," ಅಂದ್ಳು.

ನಾ ಕೇಳ್ಲಿಲ್ಲ. ಮುಟಿಗಿ ಕಟ್ಟಿ ಬಾಗ್ಲಾ ಮತ್ತ ಬಡದೆ. ಒಳಗ ನಮ್ಮಣ್ಣ ವೈಜಿನಾಥ ಅದಾನ. ಹುಟ್ಟಿದಾಗಿಂದ ಅವಂಗ ಬುದ್ಧಿ ನಿಧಾನ. ಗ್ಯಾಸ್ ಬಿಟ್ಟು ಕುಂತಿದ್ರ? ಬಚ್ಚಲದಾಗ ಜಾರಿ ಬಿದ್ದಿದ್ರ? ಬೀದರದಾಗ ಚೌಬಾರಾ ಹಿಂದಿನ ಓಣಿ ಅದು, ಎರಡೂ ಕಡಿ ಎತ್ತರ ಗ್ವಾಡಿ, ಬಿಸಲು ಸೀದಾ ನೆತ್ತಿ ಮ್ಯಾಲ. ಆ ಹೆಂಗಸು ಬಾಗ್ಲಾ ಮುಂದಿನ ಪಾವಟಿಗಿ ಮ್ಯಾಲ ಆರಾಮ ಕುಂತಾಳ. ಕರಿ ಬುರ್ಖಾ, ಮಾರಿ ತೆರದದ, ತೊಡಿ ಮ್ಯಾಲ ಚೀಲ, ಬಾಯಾಗ ಎಲಿ.

"ಒಮ್ಮಿ ಬಡದೀನಿ ತಮ್ಮಾ. ಅವ್ರಿಗಿ ಕೇಳಸ್ಯಾದ. ಬರ್ತಾರ."

"ಯಾವಾಗ ಬಡದೀರಿ?"

"ಜರಾ ಹೊತ್ತಾತು."

"ನೀವ್ ಯಾರ್ರಿ?"

"ಇಲ್ಲೇ ಕೆಲ್ಸ ಮಾಡಾಕಿ. ರಜಿಯಾ."

"ಮತ್ತ ಚಾವಿ ಹಾಕಿ ಒಳಗ ಹೋಗಬಾರ್ದೇನು?"

"ನನ್ ಕಡಿ ಚಾವಿ ಇಲ್ಲ. ಮನ್ಯಾಗ ಇರೋವ್ರ ಕಡಿ ಅದ."

ಅಕಿನ್ನ ನೋಡ್ದೆ. ಇಕಿಗೂ ತಲಿ ಸರಿ ಇಲ್ಲ ಅನಸ್ತು. ನೋಡ್ಕೊಳ್ಳಾಕ ಇಟ್ಟ ಹೆಂಗಸಿನ ಕಡಿ ಚಾವಿ ಇಲ್ಲ, ಒಳಗ ಇರೋ ನಮ್ಮಣ್ಣನಂಥ ಮೂರು ಮಂದಿ ಕೊಳ್ಳಾಗ ಒಂದೊಂದು ಚಾವಿ ದಾರ ಹಾಕಿ ಕಟ್ಯಾರ.

ಕಡೀಕ ಒಳಗ ಚಪ್ಪಲ್ ಸಪ್ಪಳ ಆತು. ಚಿಲಕ ಒಮ್ಮಿ ಮ್ಯಾಲ ಹೋತು, ಒಮ್ಮಿ ಕೆಳಗ, ಮತ್ತ ಮ್ಯಾಲ. ನನ್ನ ಕೈ ಚುರುಚುರು ಅನ್ಲತ್ತಿತ್ತು. ಬಾಗ್ಲಾ ತೆರೀತು. ನಮ್ಮಣ್ಣ. ಅಂಗಿ ಗುಂಡಿ ತಪ್ಪಿ ತಪ್ಪಿ ಹಾಕ್ಯಾನ, ಒಂದು ಕಡಿ ಕಾಲರ್ ಕಿವಿಗಿ ಹತ್ಯಾದ.

"ಯಾರು?" ಅಂದ. ಎದುರಿಗೇ ನಿಂತೀವಿ, ಯಾರು ಅಂತಾನ.

"ನಾ ರಜಿಯಾ. ಒಳಗ ಬರ್ಲ್ಯಾ, ವೈಜಿನಾಥ ಭಾಯ್?"

ಅಂವ ವಿಚಾರ ಮಾಡ್ದ. ಹುಬ್ಬು ಗಂಟ ಹಾಕ್ಕೊಂಡು ಖರೇನೇ ವಿಚಾರ ಮಾಡ್ದ. "ಬರ್ರಿ," ಅಂದ. ಆಮ್ಯಾಲ ನನ್ನ ನೋಡ್ದ. "ನೀನೂ ಬಾ."

ನೀನೂ. ಒಡಹುಟ್ಟಿದವಂಗ ನೀನೂ ಬಾ ಅಂತಾನ. ಬಾಜೂಕ ನಿಂತಾಕಿಗಿ ಬರ್ರಿ. ಅಕಿ ಮ್ಯಾಲ ನನಗ ಹೊಟ್ಟಿಕಿಚ್ಚು ಹತ್ತಿದ್ದು ಅದೇ ಪಾವಟಿಗಿ ಮ್ಯಾಲ. ಇನ್ನೂ ಆರಿಲ್ಲ.

ನಾ ಭಾಲ್ಕಿದಾಗ ವೆಲ್ಡಿಂಗ್ ಮಾಡ್ತೇನಿ. ಗೇಟು, ಗ್ರಿಲ್, ಶಟರ್. ಸಾಲಿ ಅರ್ಧಕ್ಕೇ ಬಿಟ್ಟೀನಿ. ಮನ್ಯಾಗ ನಾನು, ಅಣ್ಣ, ಅವ್ವ, ಮೂರೇ ಮಂದಿ. ಅವ್ವ ಇರೋತನ ಅಣ್ಣಂದು ಎಲ್ಲಾ ಅಕಿನೇ ಮಾಡ್ತಿದ್ಳು. ತುತ್ತು ಮಾಡಿ ಬಾಯಾಗ ಇಡ್ತಿದ್ಳು. ಅವಂಗ ಮೀಸಿ ಬಂದು ಬೆಳ್ಳಗ ಆಗ್ಲತ್ತಿದ್ರೂ ಜಳಕ ಮಾಡಿಸ್ತಿದ್ಳು. ಅವ್ವ ಸತ್ತ ಮ್ಯಾಲ ನಾ ಮಾಡ್ದೆ. ಏನೂ ಕಮ್ಮಿ ಮಾಡಿಲ್ಲ. ಕೆಲ್ಸಕ್ಕ ಹೋಗಾಗ ಅವನ ಖೋಲಿಗಿ ಹೊರಗಿಂದ ಚಿಲಕ ಹಾಕಿ ಹೋಗ್ತಿದ್ದೆ. ಚಿಲಕ ನಾನೇ ಮಾಡಿ ಕೂಡಿಸಿದ್ದು. ಹಾಕ್ಲಿಲ್ಲಂದ್ರ ಅಂವ ಸ್ಟೇಶನ್ ಕಡಿ ಹೊಂಟ ಹೋಗ್ತಿದ್ದ, ರೈಲ್ ಪಟ್ರಿ ಹಿಡಕೊಂಡು. ಊರಾಗ ಮಾತಾಡೋ ಮಂದಿ ಭಾಳ ಅದಾರ. ಒಂದು ದಿನ ಬಂದು ಅವನ ಜೋಡಿ ಕೂಡಂದ್ರ ಒಬ್ಬರೂ ಬರಂಗಿಲ್ಲ.

ಬೀದರದ ಒಂದು ಸಂಸ್ಥಾದವ್ರು ಬಂದ್ರು. ಅವ್ರದು ಆಶ್ರಮ ಅಲ್ಲ. ಹಾಲ್‌ದಾಗ ಸಾಲಾಗಿ ಮಂಚ ಹಾಕಿ ಮಲಗಿಸಿ, ಘಂಟಿ ಹೊಡದು ಉಣ್ಣಾಕ ಎಬ್ಬಸೋದಲ್ಲ. ಓಣ್ಯಾಗ ಒಂದು ಬಾಡಿಗಿ ಮನಿ ಹಿಡ್ದಾರ, ಅದರಾಗ ಮೂರು ಮಂದಿ ಇಂಥವ್ರು ಎಲ್ಲಾರಂಗ ಇರ್ತಾರ. ಅಣ್ಣ, ಇಕ್ಬಾಲ್ ಅಂತ ಒಬ್ಬ, ಸಿದ್ದಪ್ಪ ಅಂತ ಒಬ್ಬ. ಹಗಲಿಗಿ ಜೋಡಿ ಇರಾಕ ರಜಿಯಾ ಆಪಾ. ರಾತ್ರಿಗಿ ಒಬ್ಬ ಮುದುಕ ಬಂದು ಮಲಗ್ತಿದ್ದ. "ಜರಾ ದಿನ ಇಟ್ಟು ನೋಡು, ನಿನಗ ಸರಿ ಅನಸ್ಲಿಲ್ಲಂದ್ರ ಕರ್ಕೊಂಡ ಹೋಗು," ಅಂದ್ರು ಸಂಸ್ಥಾದ ಸರ್. ನಾ ಹೂಂ ಅಂದೆ. ಮನಸ್ಸಿನಾಗ ಮಾತ್ರ ಇಟ್ಕೊಂಡಿದ್ದೆ, ಒಂದು ತಪ್ಪು ಸಿಗ್ಲಿ, ಎತ್ಕೊಂಡ ಹೋಗ್ತೇನಿ ಅಂತ.

ಅದಕ್ಕ ಪ್ರತಿ ರವಿವಾರ ಭಾಲ್ಕಿ ಬಸ್ ಹಿಡ್ದು ಹೋಗ್ತಿದ್ದೆ. ತಪ್ಪು ಹುಡಕಾಕ.

ರಜಿಯಾ ಆಪಾ ಕುಳ್ಳಿ, ದಪ್ಪ, ಮೊಳಕಾಲು ನೋವು. ಎಲಿ ತಿಂದು ತಿಂದು ಹಲ್ಲು ಕೆಂಪಗ. ಮೊದಲ ಲಗ್ನದ ಮನಿ ಅಡಗಿಗಿ ಹೋಗ್ತಿದ್ಳಂತ, ಬಿರ್ಯಾನಿ ದೇಗ ಒಬ್ಬಾಕಿನೇ ಇಳಸ್ತಿದ್ಳಂತ. ಇಕ್ಬಾಲ್ ಹೇಳ್ತಿದ್ದ. ಅಂಥಾಕಿ ಇಲ್ಲಿ ಒಂದು ರೊಟ್ಟಿ ಬಡಿತಿದ್ದಿಲ್ಲ. ಅಡಗಿ ಮನಿ ಬಾಗ್ಲಾದಾಗ ಸ್ಟೂಲ್ ಹಾಕ್ಕೊಂಡು ಎರಡೂ ಕೈ ಕಂಕಳಾಗ ಇಟ್ಕೊಂಡು ಕುಂದ್ರತಿದ್ಳು. ಒಳಗ ನಮ್ಮಣ್ಣ ಹಿಟ್ಟು ನಾದ್ಲತ್ತಾನ. ಮಾರಿಗಿ ಹಿಟ್ಟು, ಮೊಳಕೈಗಿ ಹಿಟ್ಟು, ಗ್ವಾಡಿಗಿ ಹಿಟ್ಟು.

"ಏನ್ರಿ ಆಪಾ, ಪಗಾರ ತಗೊಂಡು ಕುಂತ ನೋಡ್ತೀರಲ್ರಿ," ಅಂದೆ. ಮುಚ್ಚಿ ಮಾತಾಡೋದು ನನಗ ಬರಂಗಿಲ್ಲ.

"ಕುಂತ ನೋಡೋದೇ ಭಾಳ ತ್ರಾಸಿನ ಕೆಲ್ಸ ಅದ. ನೀ ಮಾಡಿ ನೋಡು."

"ಕೈ ಯಾಕ ಹಂಗ ಇಟ್ಕೊಂಡೀರಿ?"

"ಇವು ಭಾಳ ಖೋಡಿ ಅವ. ಬಿಟ್ರ ತಾವೇ ಓಡಿ ಹೋಗಿ ರೊಟ್ಟಿ ಬಡಿತಾವ. ಅದಕ್ಕ ಹಿಡ್ದು ಕೂಡಿಸೀನಿ."

ನಾನೂ ಬಾಜೂಕ ಕುಂತೆ. ಅಣ್ಣ ಒಂದು ರೊಟ್ಟಿ ಬಡದ, ಹರೀತು. ಕೂಡಿಸಿ ಮತ್ತ ಬಡದ, ಮತ್ತ ಹರೀತು. ಹಂಚು ಕಾದು ಹೊಗಿ ಬರ್ಲತ್ತದ. ನನಗ ತಡಕೊಳ್ಳಾಕ ಆಗ್ಲಿಲ್ಲ. ಎದ್ದೆ, ಅವನ ಬಾಜೂಕ ಸರಿಸಿದೆ, ಟಪಟಪ ಬಡದು ರೊಟ್ಟಿ ರಾಶಿ ಹಾಕ್ದೆ. ಅವ್ವನ ಕೈಯಾಗ ಕಲ್ತಿದ್ದು, ನನ್ನ ರೊಟ್ಟಿಗಿ ಹೆಸರಿಡಂಗಿಲ್ಲ.

ಅಣ್ಣ ಕೈ ತೊಳಕೊಂಡು ಗ್ವಾಡಿಗಿ ಕುಂತ. ಕುಂತಾಂವ ಏಳ್ಲಿಲ್ಲ. ತಾಟು ತಗೋಲಿಲ್ಲ, ನೀರು ತುಂಬ್ಲಿಲ್ಲ. ನಾ ಮುಂದ ತಂದಿಟ್ಟೆ. ಬಾಯಿ ತೆರದ. ಅವ್ವನ ಹಂಗ ತುತ್ತು ಮಾಡಿ ಇಟ್ಟೆ. ಉಂಡ. ನನಗ ಖುಶಿ ಆತು. ಆಪಾ ಕಡಿ ನೋಡ್ದೆ, ನೋಡ್ರಿ ಅನ್ನಂಗ.

ಅಕಿ ಎಲಿ ಮಡಚಿ ಬಾಯಾಗ ಇಟ್ಕೊಂಡ್ಳು. "ಸಿದ್ದಪ್ಪಾ, ಇವತ್ತ ರವಿವಾರ ಅಲ್ಲ? ವೈಜಿನಾಥ ಭಾಯ್‌ಗ ರಜಾ," ಅಂದ್ಳು.

ಸಿದ್ದಪ್ಪ ನಕ್ಕ. ಇಕ್ಬಾಲ್ ನಕ್ಕ. ಅಣ್ಣನೂ ನಕ್ಕ. ನನಗ ನಗು ಬರ್ಲಿಲ್ಲ.

ಇನ್ನೊಂದು ಸಲ ಅಣ್ಣ ಭಾಜಿ ತರಾಕ ಹೊಂಟ. ಒಬ್ಬನೇ. ನಾ ಹಿಂದ ಓಡ್ಲತ್ತಿದ್ದೆ, ಆಪಾ ತೋಳು ಹಿಡಿದ್ಳು. "ನಕ್ಕೋ, ಬ್ಯಾಡ. ದೂರಿಂದ ಬಾ." ಅಂವ ರಸ್ತಾದ ಆ ಕಡಿ, ನಾವು ಈ ಕಡಿ. ಅಕಿ ಬುರ್ಖಾ ಮಾರಿ ಮ್ಯಾಲ ಇಳಿಸ್ಕೊಂಡಿದ್ಳು, ಅವಂಗ ಗುರ್ತ ಸಿಗಬಾರ್ದಂತ. ಅಂವ ಬಂಡಿ ಮುಂದ ನಿಂತು ಬದನಿಕಾಯಿ ಅಂದ. ಬಂಡಿಯಾಂವ ಅವನ ಮಾರಿ ನೋಡ್ದ, ಕೆಳಗಿನ ಬುಟ್ಟಿಯಿಂದ ಹಾಕಿ ಕೊಟ್ಟ. ನಾ ಕಂಡೆ. ಕೊಳತದ್ದು.

"ಆ ಮಗನ ಕಪಾಳಿಗಿ ಎರಡು ಬಿಡ್ತೇನಿ," ಅಂದೆ.

"ಬಿಡು. ಆಮ್ಯಾಲ ಮುಂದಿನ ವಾರಾನೂ ಬರ್ಬೇಕು ನೀ, ಬಿಡಾಕ. ಅದರ ಮುಂದಿನ ವಾರಾನೂ. ಬರ್ತಿ?"

ಅಣ್ಣ ಮನಿಗಿ ಬಂದು ಹೆಚ್ಚಿದ. ಒಂದು ಕಾಯಾಗ ಹುಳ, ಇನ್ನೊಂದರಾಗೂ ಹುಳ. ಎತ್ತಿ ಆಪಾಗ ತೋರ್ಸಿದ. ಅಕಿ "ಏನ್ ಮಾಡೋಣ್ರಿ?" ಅಂದ್ಳು. ನಾ ಬಾಯಿ ತೆರದೆ, ಅಕಿ ನನ್ನ ಕಾಲು ತುಳಿದ್ಳು. ಅಣ್ಣ ಭಾಳ ಹೊತ್ತು ಹುಳಾ ನೋಡ್ಕೋತ ನಿಂತ. ಆಮ್ಯಾಲ ಹೆಚ್ಚಿದ್ದು ಎಲ್ಲಾ ಚೀಲದಾಗ ತುಂಬ್ಕೊಂಡು ಹೊಂಟ.

ನಾವು ಮತ್ತ ಹಿಂದ.

ಬಂಡಿ ಮುಂದ ಹೋಗಿ ಚೀಲ ತೆರದು "ಹುಳ" ಅಂದ. ಬಂಡಿಯಾಂವ "ಹೆಚ್ಚಿದ್ದು ವಾಪಸ್ ಇಲ್ಲ, ಹೋಗೋ," ಅಂದ. ಅಣ್ಣ ಹೋಗ್ಲಿಲ್ಲ. ಜಗಳಾನೂ ತಗೀಲಿಲ್ಲ. ಅಲ್ಲೇ ನಿಂತ. ಒಬ್ಬಾಕಿ ಬಂದು ಟೊಮೆಟೊ ಕೇಳಿದ್ಳು. ಅಣ್ಣ ಅಕಿಗಿ ಚೀಲ ತೋರ್ಸಿ "ಹುಳ" ಅಂದ. ಅಕಿ ಹಿಂದ ಸರದ್ಳು. ಇನ್ನೊಬ್ಬ ಬಂದ. ಅವಂಗೂ ತೋರ್ಸಿದ, "ಹುಳ." ಒಬ್ಬ ಮುದುಕಪ್ಪ ಕನ್ನಡಕ ತಗದು ಚೀಲದಾಗ ಇಣಕಿ ನೋಡಿ, "ಹೌದಪಾ, ಜೀವಂತ ಅದಾವ," ಅಂದ. ಬಂಡಿಯಾಂವ ಒಂದು ಚೀಲ ಹೊಸ ಬದನಿಕಾಯಿ ತುಂಬಿ ಅಣ್ಣನ ಕೈಯಾಗ ಕೊಟ್ಟು, "ಮಾರಾಯ, ಮನಿಗಿ ಹೋಗು," ಅಂದ. ಅಣ್ಣ ಒಂದೊಂದು ಎತ್ತಿ ನೋಡೇ ಹೋದ.

ಆಪಾ ಬುರ್ಖಾದ ಒಳಗ ನಗ್ಲತ್ತಿದ್ಳು, ಭುಜ ಅಳ್ಳಾಡ್ಲತ್ತಿತ್ತು. ನಾ ನಗಬೇಕಿತ್ತು. ಅಣ್ಣನ ಸಲುವಾಗಿ ಊರ ಮಂದಿ ಜೋಡಿ ಬಡದಾಡಿ ಬಡದಾಡಿ ನನ್ನ ಮುಂದಿನ ಹಲ್ಲು ಒಂದು ಹೋಗ್ಯಾದ. ಇಲ್ಲಿ ಈಕಿ ಏನೂ ಮಾಡ್ಲಿಲ್ಲ, ರಸ್ತಾದ ಈ ಕಡಿ ನಿಂತಿದ್ಳು ಅಷ್ಟೇ, ಅಂವ ಗೆದ್ದ ಬಂದ. ಗೆದ್ದಾಂವ ಬಂದು ಮೊದಲ ಯಾರಿಗಿ ತೋರ್ಸಿದ? ಮನ್ಯಾಗ ಬದನಿಕಾಯಿ ಎತ್ತಿ ಅಕಿ ಮುಂದ ಹಿಡ್ದ. ಅಕಿ "ಅರೆ ವಾಹ್, ಕಹಾಂ ಸೆ ಲಾಯೆ, ಎಲ್ಲಿಂದ ತಂದ್ರಿ?" ಅಂದ್ಳು, ಏನೂ ಕಾಣಲಾರದಂಗ. ಅಂವ ಎದಿ ಉಬ್ಬಿಸಿ ಹೇಳ್ಲತ್ತ. ಭಾಲ್ಕಿ ಮನ್ಯಾಗ ಇದ್ದಾಗ ಅಷ್ಟು ಮಾತು ಅವನ ಬಾಯಾಗ ನಾ ಎಂದೂ ಕೇಳಿಲ್ಲ.

ತಪ್ಪು ಸಿಕ್ತು ಒಂದು ದಿನ. ಥಂಡಿ ದಿನ. ಹೋಗಿ ನೋಡ್ತೇನಿ, ಅಣ್ಣನ ಎಡಗೈಗಿ ಪಟ್ಟಿ.

"ಏನಿದು?"

"ಚಾ," ಅಂದ ಅಣ್ಣ.

ನಾ ಆಪಾ ಮ್ಯಾಲ ಹೋದೆ. ಬಾಯಿಗಿ ಬಂದದ್ದು ಅಂದೆ. ಇದೇ ಏನ್ರಿ ನಿಮ್ಮ ನೋಡ್ಕೊಳ್ಳೋದು, ಅವ್ವ ಇದ್ದಾಗ ಅವನ ಮೈ ಮ್ಯಾಲ ಒಂದು ಗೆರಿ ಬಿದ್ದಿಲ್ಲ, ನೀವು ಸ್ಟೂಲ್ ಮ್ಯಾಲ ಕುಂತು ಸುಡಾಕ ಬಿಡ್ತೀರಿ, ನಿಮ್ಮ ಮಗ ಇದ್ರ ಬಿಡ್ತಿದ್ರೇನು ಅಂತ.

ಅಕಿ ಎದ್ದು ನಿಂತ್ಳು. "ಹೌದು. ಸುಟ್ಟದ. ನಾ ಬಾಜೂಕೇ ಇದ್ದೆ. ಭಗೋಣಿ ಹಿಡಿಕಿ ಸಣ್ಣದಿತ್ತು, ನಾ ಅದು ನೋಡಬೇಕಿತ್ತು, ನೋಡ್ಲಿಲ್ಲ. ನೀರಾಗ ಹಿಡಿಸೀನಿ, ದವಾಖಾನಿಗಿ ಹೋಗಿ ಬಂದೀವಿ, ಸರ್‌ಗ ಅವತ್ತೇ ಹೇಳೀನಿ. ನಿನಗ ಫೋನ್ ಮಾಡಾಕ ಸರ್ ಹೇಳಿದ್ರು. ನೀ ಎತ್ತಿಲ್ಲ."

ವೆಲ್ಡಿಂಗ್ ಮಾಡಾಗ ಫೋನ್ ಎತ್ತಂಗಿಲ್ಲ ನಾ. ಅದು ಬ್ಯಾರೆ ಮಾತು.

"ಉದ್ದ ಹಿಡಿಕಿದು ತಂದೀನಿ ಈಗ," ಅಂದ್ಳು. ನನ್ನ ಕೈ ನೋಡಿದ್ಳು. ನನ್ನ ಕೈ ಮ್ಯಾಲ ಕಿಡಿ ಹಾರಿದ ಕಲೆ ಮೊಳಕೈತನ ಅವ. "ಇವು ಯಾವಾಗಿಂದು?"

"ಕೆಲ್ಸ ಕಲಿಯಾಗಿಂದು."

"ಅವತ್ತ ನಿಮ್ಮವ್ವ ನಿನ್ನ ಕೆಲ್ಸ ಬಿಡ್ಸಿದ್ಳೇನು?"

"ನಂದು ಬ್ಯಾರೆ, ಅವಂದು ಬ್ಯಾರೆ," ಅಂದೆ. "ನಾ ಕರ್ಕೊಂಡ ಹೋಗ್ತೇನಿ. ನಡಿ ಅಣ್ಣಾ."

ಅಣ್ಣ ನಡೀಲಿಲ್ಲ. ಬೈಗಳ ಕೇಳಿ ಹೆದರಿ ಇಕ್ಬಾಲನ ಹಿಂದ ನಿಂತಿದ್ದ. ಸರ್ ಬಂದ್ರು. ಪಂಚಾಯ್ತಿ ಆತು. ಅಕಿ ಅಳ್ತಾಳ, ಕೈ ಮುಗಿತಾಳ, ಇರ್ಲಿ ಬಿಡಪ್ಪಾ ಅಂತಾಳ ಅಂತ ನಾ ಕಾದೆ. ಅಕಿ ಒಂದೇ ಮಾತು ಅಂದ್ಳು. "ಕರ್ಕೊಂಡ ಹೋಗ್ಲಿ ಸರ್. ಎಳ್ಳ ಅಮಾಸಿ ಬಂದದ, ಮನಿಗಿ ಹೋಗಿ ಇದ್ದ ನೋಡ್ಲಿ. ಆಮ್ಯಾಲ ವೈಜಿನಾಥ ಭಾಯ್‌ಗೇ ಕೇಳ್ರಿ, ಎಲ್ಲಿರ್ತೀರಿ ಅಂತ. ನನಗೂ ಕೇಳಬ್ಯಾಡ್ರಿ, ಇವಂಗೂ ಕೇಳಬ್ಯಾಡ್ರಿ."

ನಾ ಒಪ್ಪಿದೆ. ಅಣ್ಣ ನನ್ನಾಂವ. ಕೇಳಾಕ ಏನದ ಅದರಾಗ?

ಎಳ್ಳ ಅಮಾಸಿಗಿ ಭಾತಂಬ್ರಾಕ್ಕ ಹೋದಿವಿ, ನಮ್ಮ ವೆಲ್ಡಿಂಗ್ ಶಾಪ್ ಶೇಟ್‌ನ ಹೊಲಕ್ಕ. ಜ್ವಾಳ ಎದಿ ಎತ್ತರ ನಿಂತಿತ್ತು. ಜ್ವಾಳದ ದಂಟಿನ ಕೊಪ್ಪಿ ಕಟ್ಟಿ ಪೂಜಾ ಮಾಡಿ ಎಲ್ಲಾರೂ ಸಾಲಾಗಿ ಕುಂತಿವಿ, ಸಜ್ಜಿ ರೊಟ್ಟಿ, ಕಾಳು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ. ನಾ ಭಜ್ಜಿ ಕಲಸಿ ತುತ್ತು ಮಾಡಿ ಅಣ್ಣನ ಬಾಯಿಗಿ ಹಿಡದೆ. ಅಂವ ನನ್ನ ಕೈ ನೋಡ್ದ. ಆಮ್ಯಾಲ ಬಾಯಿ ತೆರದು ತಿಂದ. ಅವತ್ತ ನನ್ನ ಎದಿ ತಣ್ಣಗಾತು. ಬೀದರದಾಗ ಕುಂತು ಎಲಿ ತಿನ್ಲಿ ಅಕಿ, ನಮ್ಮಣ್ಣ ನನ್ನ ಕೈ ತುತ್ತು ತಿಂದ ಅಂದ್ಕೊಂಡೆ. ಎರಡನೇ ತುತ್ತಿಗಿ ಅಂವ ನನ್ನ ಕೈ ಹಿಡ್ದ. ಮೆಲ್ಲಕ ನನ್ನ ತಾಟಿನಾಗ ಇಟ್ಟ. "ನೀ ಉಣ್ಣು," ಅಂದ. ತನ್ನ ತಾಟಿಂದು ತಾನೇ ಕಲಸ್ಕೊಂಡ.

ಶೇಟ್ ನೋಡಿ, "ಅಲಾ ಇವನ, ಶಾಣ್ಯಾ ಆಗ್ಯಾನಲ್ಲೋ ಧನರಾಜ," ಅಂದ. ಹೂಂ ಅಂದೆ. ಅಂಬಲಿ ಬಟ್ಟಲ ಬಾಜೂಕ ಸರಿಸಿದೆ.

ಮನಿಗಿ ಬಂದಿವಿ. ನಾ ಒಳಗಿನ ಖೋಲ್ಯಾಗ ಅಂಗಿ ಬದಲ್ ಮಾಡ್ಲತ್ತಿದ್ದೆ. ಬಾಗ್ಲಾ ಮ್ಯಾಲ ಟಕ್ ಅಂತ ಸಪ್ಪಳ. ಒಂದೇ ಸಲ. ಯಾರೋ ಬಂದಾರ ಅಂತ, "ಯಾರ್ರಿ?" ಅಂದೆ.

"ನಾ ವೈಜಿನಾಥ. ಬರ್ಲ್ಯಾ?"

ಅವ್ವ ಹಡದ ಮನಿ ಅದು. ಅಂವ ಅಂಬೆಗಾಲು ಹಾಕಿದ ಮನಿ. ಅದರಾಗ ನಿಂತು ನನಗ ಬರ್ಲ್ಯಾ ಅಂತಾನ. "ಬಾರೋ, ನಿಂದೇ ಮನಿ," ಅಂದೆ. ಒಳಗ ಬಂದು ಒಂದು ಕಡಿ ಕುಂತ, ಬೀಗರ ಮನಿಗಿ ಬಂದವರಂಗ, ಮೊಳಕಾಲು ಕೂಡಿಸ್ಕೊಂಡು. ಹೊತ್ತು ಮುಳುಗಾಗ ಅವನ ಖೋಲ್ಯಾಗ ಹಾಸಿಗಿ ಹಾಸಿ ಕರದೆ. ಬಾಗ್ಲಾತನ ಬಂದ. ಹೊರಗಿನ ಚಿಲಕ ಮುಟ್ಟಿದ, ಮ್ಯಾಲ ಕೆಳಗ ಆಡ್ಸಿ ನೋಡ್ದ. ಒಳಗ ಬರ್ಲಿಲ್ಲ. ಪಡಸಾಲ್ಯಾಗ ಹಾಸಿಗಿ ಎಳಕೊಂಡ.

ಮುಂಜಾನಿ ಏಳೋದ್ರಾಗ ಚೀಲ ತುಂಬಿ, ಚಪ್ಪಲ್ ಹಾಕ್ಕೊಂಡು ನಿಂತಿದ್ದ.

"ಎಲ್ಲಿಗೋ?"

"ಬಸ್."

"ಇನ್ನಾ ನಾಕು ದಿನ ಇರೋ. ನಾ ಕೆಲ್ಸಕ್ಕ ಹೋಗಂಗಿಲ್ಲ. ಜಾಮೂನ್ ತರ್ತೇನಿ."

"ನಾಳಿ ಭಾಜಿ ನಂದು," ಅಂದ. ಆ ಮನ್ಯಾಗ ಒಬ್ಬೊಬ್ಬರಿಗಿ ಒಂದೊಂದು ದಿನ ಪಾಳಿ ಇತ್ತು. ಜಾಮೂನ್‌ಕ್ಕಿಂತ ಪಾಳಿ ದೊಡ್ಡದು.

ಸರ್ ಕೇಳೋ ಕೆಲ್ಸ ಬೀಳ್ಲಿಲ್ಲ.

ವಾಪಸ್ ಬಿಡಾಕ ಹೋದಾಗ ಆಪಾ ಅಂಗಳದಾಗ ಅರಬಿ ಒಣಾಕ್ಲತ್ತಿದ್ಳು, ತನ್ನದೇ ಒಂದು ದುಪಟ್ಟಾ. ಅಣ್ಣ ಒಳಗ ಹೋದ ಮ್ಯಾಲ ನನ್ನ ಕಡಿ ನೋಡಲಾರ್ದೇ ಕೇಳಿದ್ಳು. "ಅಲ್ಲಿ ಏನರೆ ನನ್ನ ನೆನಪು ತಗದ್ರೇನು?"

"ಇಲ್ಲ," ಅಂದೆ. ಖರೇನೇ ತಗದಿದ್ದಿಲ್ಲ. ಒಮ್ಮೀನೂ ಅಕಿ ಹೆಸರು ಬಂದಿದ್ದಿಲ್ಲ.

ಅಕಿ ಕೈ ದುಪಟ್ಟಾ ಮ್ಯಾಲೇ ನಿಂತ್ವು. ಮಾರಿ ಮ್ಯಾಲ ಏನೋ ಬಂತು, ಹೋತು. ನನಗ ಕಾಣ್ಸ್ತು, ನಾ ಹೊಟ್ಟಿ ತುಂಬ ನೋಡ್ದೆ. ಅಕಿಗೂ ಉರೀತದ ಅಂತ ಗೊತ್ತಾತು. ಆಮ್ಯಾಲ ಅಕಿ ದುಪಟ್ಟಾ ಝಾಡಿಸಿ ಹಗ್ಗದ ಮ್ಯಾಲ ಹಾಕಿದ್ಳು. "ಚಲೋ ಆತು," ಅಂದ್ಳು. "ನೆನಪು ತಗದಿದ್ರ ನನ್ನ ಕೆಲ್ಸ ಕಚ್ಚಾ ಅದ ಅಂತ ಆಗ್ತಿತ್ತು."

ಇಂಥ ಹೆಂಗಸಿನ ಜೋಡಿ ಏನ್ ಜಗಳ ತಗೀತೀರಿ?

ಆ ಬ್ಯಾಸಗಿಗಿ ಅಕಿ ಔರಾದಕ್ಕ ಹೊಂಟ್ಳು. ಅಲ್ಲಿ ಹೆಣ್ಮಕ್ಕಳ ಸಲುವಾಗಿ ಇಂಥದೇ ಒಂದು ಮನಿ ಹೊಸದಾಗಿ ಮಾಡ್ಲತ್ತಿದ್ರು. ಬೀದರದ ಮನಿಗಿ ಸುನೀಲ ಅಂತ ಒಬ್ಬ ಹುಡುಗ ಬಂದ. ಈಗ ಮನಿ ಕೆಡ್ತದ, ಅಣ್ಣ ತಾನೇ ನನ್ನ ಕಡಿ ಬರ್ತಾನ ಅಂದ್ಕೊಂಡೆ. ಬರೋಬ್ಬರಿ ಕೆಡಸೋ ಹುಡುಗನೇ ಅಂವ. ಕಿವಿಗಿ ವೈರ್, ಕೈಯಾಗ ಮೊಬೈಲ್, ಜಲ್ದಿ ಆಗ್ಲಿ ಅಂತ ತಾನೇ ಕುಕ್ಕರ್ ಏರಸ್ತಿದ್ದ. ಮನಿ ಮಾಲಕನ ಕಡಿಂದ ಒಂದು ಚಾವಿನೂ ಇಸ್ಕೊಂಡಿದ್ದ.

ನಾ ಅವತ್ತ ಅಲ್ಲೇ ಇದ್ದೆ. ಸುನೀಲ ಚಾವಿ ತಿರವಿ ಸೀದಾ ಒಳಗ ಬಂದ. ಅಣ್ಣ ಅಡಗಿ ಮನ್ಯಾಗಿಂದ ಬಂದ, ಕೈಯಾಗ ಸೌಟು.

"ಹೊರಗ ಹೋಗು," ಅಂದ.

"ಯಾಕ ವೈಜಣ್ಣಾ?"

"ಹೊರಗ ಹೋಗು. ಬಡಿ."

ಸುನೀಲ ನನ್ನ ಮಾರಿ ನೋಡ್ದ. ನಾ ಗ್ವಾಡಿ ನೋಡ್ದೆ. ಸಿದ್ದಪ್ಪ ಬಂದು ಅಣ್ಣನ ಬಾಜೂಕ ನಿಂತ, ಇಕ್ಬಾಲನೂ ನಿಂತ. ಸುನೀಲ ಹೊರಗ ಹೋದ. ಬಡದ. ಅಣ್ಣ ಬಾಗ್ಲಾ ಹಿಂದ ನಿಂತು ಹುಬ್ಬು ಗಂಟ ಹಾಕಿ ವಿಚಾರ ಮಾಡ್ದ, ತನಗ ಬೇಕಾದಷ್ಟು ಹೊತ್ತು ಮಾಡ್ದ, ಆಮ್ಯಾಲ ತೆರದ. ಎರಡು ವಾರದಾಗ ಸುನೀಲ ಕುಕ್ಕರ್ ಬಿಟ್ಟ, ವೈರ್ ಕಿಸೆದಾಗ ಇಟ್ಟ. ಮನಿ ಕೆಡ್ಲಿಲ್ಲ. ಅಕಿ ಅಲ್ಲಿ ಇಲ್ಲ, ಆದ್ರೂ ಅಕಿದೇ ನಡೀತು.

ಮಳಿಗಾಲ ಹತ್ತಿದ ಮ್ಯಾಲ ನನಗ ಅಕಿದೇ ಫೋನ್ ಬಂತು. "ಧನರಾಜ, ಗ್ರೈಂಡರ್ ತಗೊಂಡು ಔರಾದಕ್ಕ ಬಾ. ಕೆಲ್ಸ ಅದ."

ಗಾಡಿ ಮ್ಯಾ‌ಲ ಹೋದೆ. ಹೊಸ ಮನಿ ಬಸ್ ಸ್ಟ್ಯಾಂಡ್ ಹಿಂದ. ಹಳೇದು, ಮೊದಲ ಯಾವನೋ ಗೋದಾಮು ಮಾಡಿದ್ದ. ಪ್ರತಿ ಖೋಲಿಗಿ ಹೊರಗಿಂದ ಕಬ್ಬಿಣದ ಚಿಲಕ, ಕೈ ದಪ್ಪ.

"ಇವೆಲ್ಲಾ ಕತ್ತರ್ಸು," ಅಂದ್ಳು. "ಹೊರಗಿಂದು ಒಂದೂ ಉಳಿಬಾರ್ದು. ಒಳಗಿಂದು ಹಾಕು."

ಕತ್ತರಿಸ್ದೆ. ಚಲೋ ಮಾಲು, ಹಳೇ ಕಾಲದ ಕಬ್ಬಿಣ, ಬ್ಲೇಡ್ ತಿಂದು ಹಾಕ್ತು. ಮೂರು ಹೆಣ್ಮಕ್ಕಳು ದೂರ ಕುಂತು ಕಿವಿ ಮುಚ್ಕೊಂಡು ಕಿಡಿ ನೋಡ್ಲತ್ತಿದ್ರು. ಒಬ್ಬಾಕಿ ಸಣ್ಣಾಕಿ, ಜಡಿ ಬಿಚ್ಚಿತ್ತು, ತಾನೇ ಹೆಣಕೊಳ್ಳಾಕ ಒದ್ದಾಡ್ಲತ್ತಿದ್ಳು. ಆಪಾ ಅಕಿ ಬಾಜೂಕ ಕುಂತಾಳ, ಕೈ ಕಂಕಳಾಗ. "ಅರೆ ವಾಹ್," ಅಂತಾಳ. ನಮ್ಮಣ್ಣಂಗ ಅಂದಂಗೇ. ಅದೇ ದನಿ.

ಆ ದನಿ ನಮ್ಮಣ್ಣಂದೊಂದೇ ಅಂತ ನಾ ತಿಳಕೊಂಡಿದ್ದೆ. ಅಕಿ ನನ್ನಿಂದ ಅಣ್ಣನ್ನ ಕಸಗೊಂಡ್ಳು ಅಂತ ಇಷ್ಟು ದಿನ ಉರದಿನಿ, ಈಗ ಆ ಜಡಿ ಹುಡುಗಿ ಅಣ್ಣನ ಕಡಿಂದ ಅಕಿನ್ನ ಕಸಗೊಂಡ್ಳು ಅಂತ ಉರೀಲತ್ತು. ನನಗೇ ತಿಳೀಲಿಲ್ಲ ಇದೇನು ಅಂತ. ಗ್ರೈಂಡರ್ ಜೋರ್ ಒತ್ತಿದೆ.

ಚಾ ಕುಡಿಯಾಗ ಅಕಿ ಅಣ್ಣನ ಸುದ್ದಿನೇ ತಗೀಲಿಲ್ಲ. ನಾ ಕಾದೆ. ಮಳಿ ಬಗ್ಗಿ ಮಾತಾಡಿದ್ಳು, ತನ್ನ ಮೊಳಕಾಲು ಬಗ್ಗಿ ಮಾತಾಡಿದ್ಳು.

"ಅಣ್ಣ ಹ್ಯಾಂಗದಾನ ಅಂತ ಕೇಳಂಗಿಲ್ಲೇನ್ರಿ?" ಅಂದೆ.

"ಚಲೋ ಅದಾರಲ್ಲ. ನಿನ್ನಿ ಫೋನ್ ಮಾಡಿದ್ರು."

"ಯಾರು?"

"ವೈಜಿನಾಥ ಭಾಯ್. ದಿನಾ ಮಾಡ್ತಾರ. ಸಂಸ್ಥಾದವ್ರು ಮನಿಗೊಂದು ಫೋನ್ ಕೊಟ್ಟಾರ, ಫೋಟೋ ಒತ್ತಿದ್ರ ಹತ್ತತದ."

ಚಾ ಕಪ್ಪು ಕೆಳಗ ಇಟ್ಟೆ. "ನನಗ ಒಂದೂ ದಿನ ಮಾಡಿಲ್ಲ."

"ನಿನ್ನ ನಂಬರ್ ಅವ್ರಿಗಿ ಕೊಟ್ಟಿಯೇನು?"

ನಂಬರ್ ನಾ ಎಲ್ಲಾರಿಗೂ ಕೊಟ್ಟಿದ್ದೆ. ಸರ್‌ಗ ಕೊಟ್ಟಿದ್ದೆ, ಮನಿ ಮಾಲಕಂಗ ಕೊಟ್ಟಿದ್ದೆ, ರಾತ್ರಿ ಮುದುಕಂಗ, ಸುನೀಲಂಗ, ಬಾಜೂ ಮನಿ ಅಕ್ಕೋರಿಗಿ. ಏನರೆ ಆದ್ರ ಹೇಳ್ರಿ ಅಂತ. ಅಣ್ಣಂಗ ಕೊಡೋದು ನನ್ನ ತಲ್ಯಾಗೇ ಬಂದಿದ್ದಿಲ್ಲ.

ಅಕಿ ನನ್ನ ಮಾರಿ ನೋಡಿದ್ಳು. ಎದ್ದು ಹೋಗಿ ಅಡಕಿ ಡಬ್ಬಿ ತಂದ್ಳು. ನನಗ ಒಂದು ಎಲಿ ಮಡಚಿ ಕೊಟ್ಳು. ಅಷ್ಟು ದಿನದಾಗ ಅಕಿ ಕೈಯಾರೆ ನನಗ ಮಾಡಿ ಕೊಟ್ಟಿದ್ದು ಅದೊಂದೇ. ಬಾಯಾಗ ಇಟ್ಕೊಂಡು ಉಳಿದ ಚಿಲಕ ಕತ್ತರಿಸಿ, ಒಳಗಿಂದು ಕೂಡಿಸಿ, ಗಾಡಿ ಹತ್ತಿದೆ. ಅಕಿ ಹೊರಗ ಬಂದು ನಿಂತಿದ್ಳು. "ಸಬುರ್‌ಲೇ, ಸಾವಕಾಶ ಹೋಗು, ರಸ್ತಾ ಕೆಟ್ಟದ," ಅಂದ್ಳು. ಆಮ್ಯಾಲ ನಮ್ಮದು ಭೆಟ್ಟಿ ಆಗಿಲ್ಲ. ಕಮಲನಗರ ಕಡಿ ಇನ್ನೊಂದು ಮನಿ ಮಾಡಾಕ ಹೋಗ್ಯಾಳ ಅಂತ ಕೇಳೀನಿ. ಅಲ್ಲಿ ಯಾರ ಬಾಜೂಕ ಕುಂತಾಳೋ.

ರವಿವಾರ ಬೀದರಕ್ಕ ಹೋಗಿ ಅಣ್ಣಂಗ ನಂಬರ್ ಕೊಟ್ಟೆ. ಇಕ್ಬಾಲ ನನ್ನ ಫೋಟೋ ಹೊಡದ. ಫೋಟೋದಾಗ ನನ್ನ ಮಾರಿ ಜಗಳಕ್ಕ ನಿಂತವರಂಗ ಬಂದದ. ಅಣ್ಣ ಫೋನ್ ತೋರ್ಸಿದ. ಎಲ್ಲಾಕ್ಕೂ ಮ್ಯಾಲ ರಜಿಯಾ ಆಪಾ. ಅಕಿ ಕೆಳಗ ಸರ್. ಸರ್ ಕೆಳಗ ಹಾಲಿನಾಂವ. ಹಾಲಿನವನ ಕೆಳಗ ನಾ.

"ನನ್ನ ಮ್ಯಾಲ ತಗೊಳ್ಳೋ," ಅಂದೆ.

"ಹಾಲು ದಿನಾ ಬೇಕು," ಅಂದ.

ನನ್ನ ಮಾರಿ ಮ್ಯಾಲ ಬಟ್ಟು ಇಟ್ಟು ಒತ್ತಿದ. ನನ್ನ ಕಿಸೆದಾಗ ಫೋನ್ ಬಾರಿಸ್ತು. ಎದುರಿಗೇ ನಿಂತೀವಿ, ಎರಡು ಮೊಳ ದೂರ. ಎತ್ತು ಅಂತ ಕೈ ಮಾಡ್ದ. ಎತ್ತಿದೆ.

"ಊಟ ಆತೇನು?" ಅಂದ.

"ಇಲ್ಲ."

"ಉಣ್ಣು," ಅಂದು ಫೋನ್ ಇಟ್ಟ.

ಇಷ್ಟೇ. ಇನ್ನ ಹೇಳೋದು ನನ್ನ ಕಡಿ ಏನೂ ಇಲ್ಲ.